ಹಾಯಿಯೂ ಯಂತ್ರವೂ

ಗಾಳಿಯನ್ನು ನಂಬಿ ಹೊರಟವನಿಗೆ ಗಾಳಿ ಬಿದ್ದುಹೋದೀತೆಂಬ ಭಯ. ಯಂತ್ರವನ್ನು ನಂಬಿ ಹೊರಟವನಿಗೆ ಎಣ್ಣೆ ತೀರೀತೆಂಬ ಭಯ. ಈ ಎರಡು ಭಯಗಳಿಂದಲೂ ಏಕಕಾಲಕ್ಕೆ ಪಾರಾಗಬೇಕೆಂಬ ಆಸೆಯಿಂದ ಹುಟ್ಟಿದ ಒಂದು ಜಾತಿಯ ನೌಕೆಯುಂಟು. ಅದಕ್ಕೆ ಮೋಟಾರ್‌ಸೈಲರ್ ಎಂದು ಹೆಸರು. ಸಾಗರಯಾನದ ಹಾಯಿದೋಣಿಗಳಲ್ಲಿ ಯಂತ್ರವಿಲ್ಲದಿರುವುದು ಇಂದು ಅಪರೂಪವೇ. ಆದರೆ ಅಲ್ಲಿ ಅದು ರೇವಿನ ಒಳಕ್ಕೂ ಹೊರಕ್ಕೂ ಹೋಗಿಬರಲು ಇಟ್ಟುಕೊಂಡ ಸಣ್ಣ ಸಹಾಯಕ. ಮೋಟಾರ್‌ಸೈಲರಿನಲ್ಲಾದರೋ ಹಾಯಿಗೂ ಯಂತ್ರಕ್ಕೂ ಹೆಚ್ಚುಕಡಿಮೆ ಸರಿಸಮಾನವಾದ ಸ್ಥಾನ. ಮೇಲ್ಗಡೆ ಗಾಜಿನ ಕೋಣೆಯೊಂದಿದ್ದು, ಮಳೆಚಳಿಗಳ ಬಾಧೆಯಿಲ್ಲದೆ ಅದರೊಳಗೆ ಕುಳಿತೇ ಚುಕ್ಕಾಣಿ ಹಿಡಿಯಬಹುದು. ಇಷ್ಟೆಲ್ಲ ಅನುಕೂಲವಿದ್ದರೂ ನಾವಿಕರ ನಡುವೆ ಇದಕ್ಕೆ ಹೇಳಿಕೊಳ್ಳುವಂಥ ಮರ್ಯಾದೆಯಿಲ್ಲ. ಹಾಯಿಯ ಅಭಿಮಾನಿಗಳು ಇದನ್ನು ಸೋಮಾರಿಯ ದೋಣಿ ಎನ್ನುತ್ತಾರೆ; ಯಂತ್ರದ ಅಭಿಮಾನಿಗಳು ಕಂಬಗಳನ್ನೂ ಹಗ್ಗಗಳನ್ನೂ ನೋಡಿ, ಈ ಹೊರೆಯೇತಕ್ಕೆ ಎಂದು ನಗುತ್ತಾರೆ.

ಅಡಕೆ ತೋಟದ ಮಗ್ಗುಲಲ್ಲಿ ಬೆಳೆದು, ಹೊಳೆ ದಾಟಿಸುವ ಕಡವಿನ ದೋಣಿಗಿಂತ ದೊಡ್ಡದನ್ನು ಹತ್ತದ ಕಾಸರಗೋಡಿನ ಶಾಲಾ ಉಪಾಧ್ಯಾಯನಿಗೆ ಈ ವಿಚಾರವೇಕೆ ಎಂದು ವಾಚಕರು ಕೇಳಿಯಾರು. ಕಾರಣ ನನ್ನ ದೊಡ್ಡಕ್ಕ. ಭಾವನವರು ಮೂವತ್ತು ವರ್ಷಗಳ ಕಾಲ ಸರಕುಹಡಗುಗಳಲ್ಲಿ ಎಂಜಿನಿಯರರಾಗಿ ದುಡಿದು ನಿವೃತ್ತರಾಗಿದ್ದಾರೆ. ಇಂಗ್ಲೆಂಡಿನ ದಕ್ಷಿಣ ತೀರದ ಒಂದು ರೇವುಪಟ್ಟಣದಲ್ಲಿ ವಾಸ. ಹಳೆಯದೊಂದು ಮೋಟಾರ್‌ಸೈಲರನ್ನು ಕೊಂಡು, ಅಕ್ಕನನ್ನು ಕರೆದುಕೊಂಡು, ಅಟ್ಲಾಂಟಿಕ್ ಮಹಾಸಾಗರವನ್ನು ದಾಟಿ ಮರಳಿ ಬರಬೇಕೆಂಬುದು ಅವರ ಬಹುಕಾಲದ ಹಂಬಲ. ಅಕ್ಕ ದೂರವಾಣಿಯಲ್ಲಿ ನನಗೆ ಹೇಳಿದ್ದಿಷ್ಟು: “ತಮ್ಮಾ, ನಿನ್ನ ಭಾವನವರಿಗೆ ಯಂತ್ರವೆಂದರೆ ಪ್ರಾಣ. ಅವರು ವಿವರಿಸಿದರೆ ಎಲ್ಲವೂ ಸರಿಯೆಂದೇ ತೋರುತ್ತದೆ. ನೀನು ಓದಿ ತಿಳಿದುಕೊಂಡು, ಶಾಲೆಯ ಮಕ್ಕಳಿಗೆ ಹೇಳುವ ಹಾಗೆ ನನಗೆ ಹೇಳು. ನಾನು ಯಾವ ದೋಣಿಗೆ ಒಪ್ಪಬೇಕು?” ಅಂದಿನಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಒಡಹುಟ್ಟಿದವಳ ಪ್ರಾಣ ಸೇರಿರುವ ಪಾಠವನ್ನು ನಾನು ಹಿಂದೆಂದೂ ಸಿದ್ಧಪಡಿಸಿರಲಿಲ್ಲ.

ಹಾಯಿ ಯಂತ್ರಗಳನ್ನು ಜೊತೆಗೂಡಿಸಿಕೊಂಡು ಅಟ್ಲಾಂಟಿಕನ್ನು ದಾಟಿದವರಲ್ಲಿ ಮೊದಲನೆಯದು ಅಮೆರಿಕದ ಸವಾನ್ನಾ ಎಂಬ ಹಡಗು. ಅದು ೧೮೧೯ರ ಮೇ ೨೨ರಂದು ತನ್ನ ಹೆಸರಿನದೇ ಆದ ಪಟ್ಟಣದಿಂದ ಹೊರಟು ಜೂನ್ ೨೦ರಂದು ಲಿವರ್‌ಪೂಲನ್ನು ಸೇರಿತು. ಇಪ್ಪತ್ತೊಂಬತ್ತು ದಿನಗಳ ಈ ಪಯಣದಲ್ಲಿ ಉಗಿಯಂತ್ರ ನಡೆದದ್ದು ಸುಮಾರು ೮೦ ಗಂಟೆ ಮಾತ್ರ. ಮಿಕ್ಕ ದಾರಿಯನ್ನೆಲ್ಲ ಹಾಯಿಯೇ ಸಾಗಿಸಿತು. ಐರ್ಲೆಂಡಿನ ಬಳಿ ಅದರ ಹೊಗೆಯನ್ನು ಕಂಡ ಕಾವಲು ನೌಕೆಯೊಂದು, ಯಾವುದೋ ಹಡಗಿಗೆ ಬೆಂಕಿ ಬಿದ್ದಿದೆಯೆಂದು ಬಗೆದು ನೆರವಿಗೆ ಧಾವಿಸಿತಂತೆ. ಕೆಲಕಾಲದಲ್ಲೇ ಆ ಯಂತ್ರವನ್ನು ಕಿತ್ತುಹಾಕಿ ಸವಾನ್ನಾವನ್ನು ಬರಿಯ ಹಾಯಿಹಡಗಾಗಿ ಓಡಿಸಿದರು. ೧೮೨೧ರಲ್ಲಿ ಅದು ಲಾಂಗ್ ಐಲೆಂಡಿನ ತೀರಕ್ಕೆ ಬಡಿದು ನಾಶವಾಯಿತು.

ಕೊರತೆಯಿದ್ದದ್ದು ಇಂಧನಕ್ಕೆ ಸ್ಥಳದ್ದು. ಇದಕ್ಕೆ ಉತ್ತರವನ್ನು ಕಂಡವರಲ್ಲಿ ಬ್ರೂನೆಲ್ ಎಂಬ ಆಂಗ್ಲ ಎಂಜಿನಿಯರರು ಪ್ರಮುಖರು. ಹಡಗಿನ ಉದ್ದ, ಅಗಲ, ಎತ್ತರಗಳನ್ನು ಇಮ್ಮಡಿಗೊಳಿಸಿದರೆ ನೀರಿನ ತಡೆ ಸುಮಾರು ನಾಲ್ಮಡಿಯಾಗುತ್ತದೆ. ಆದರೆ ಹೊಟ್ಟೆಯೊಳಗೆ ಹಿಡಿಯುವ ಭಾರ ಎಂಟ್ಮಡಿಯಾಗುತ್ತದೆ. ಆದುದರಿಂದ ಹಡಗು ದೊಡ್ಡದಾದಷ್ಟೂ ಕಲ್ಲಿದ್ದಲು ದೂರದವರೆಗೆ ಸಾಕಾಗುತ್ತದೆ. ಅವರ ಗ್ರೇಟ್ ವೆಸ್ಟರ್ನ್ ೧೮೩೮ರ ಏಪ್ರಿಲಿನಲ್ಲಿ ಬ್ರಿಸ್ಟಲಿನ ಕಡೆಯಿಂದ ಹೊರಟು ಹದಿನೈದು ದಿನಗಳಲ್ಲಿ ನ್ಯೂಯಾರ್ಕನ್ನು ಸೇರಿದಾಗ ಅದರಲ್ಲಿ ಇನ್ನೂ ಸುಮಾರು ೨೦೦ ಟನ್ ಕಲ್ಲಿದ್ದಲು ಮಿಕ್ಕಿತ್ತು. ಭಾವನವರು ದುಡಿದುದೆಲ್ಲ ಬ್ರೂನೆಲರ ಈ ಲೆಕ್ಕ ಸಲ್ಲುವ ದೊಡ್ಡ ಹಡಗುಗಳಲ್ಲಿ. ಈಗ ಅವರು ಕೊಳ್ಳಹೊರಟಿರುವುದು ಮೂವತ್ತಾರು ಅಡಿಯ ನೌಕೆ. ಅಲ್ಲಿ ಅದೇ ಲೆಕ್ಕ ತಲೆಕೆಳಗಾಗುತ್ತದೆ. ಅಕ್ಕನಿಗೆ ನಾನು ಕಳುಹಿಸಿದ ಮೊದಲ ಪಾಠ ಇದು.

ಎರಡನೆಯ ಪಾಠ ಬರಿಯ ಗುಣಾಕಾರ. ಕೆನರಿ ದ್ವೀಪಗಳಿಂದ ವೆಸ್ಟ್ ಇಂಡೀಸಿನ ಸೇಂಟ್ ಲೂಸಿಯಾಕ್ಕೆ ಸುಮಾರು ೨,೭೦೦ ನಾಟಿಕಲ್ ಮೈಲು. ಗಂಟೆಗೆ ಒಂದು ನಾಟಿಕಲ್ ಮೈಲು, ಎಂದರೆ ೧.೮೫ ಕಿಲೋಮೀಟರು, ಸಾಗುವ ವೇಗಕ್ಕೆ ಒಂದು ನಾಟ್ ಎಂದು ಹೆಸರು. ೫ ನಾಟ್ ವೇಗದಲ್ಲಿ ಹೋದರೆ ೫೪೦ ಗಂಟೆ, ಎಂದರೆ ಇಪ್ಪತ್ತೆರಡೂವರೆ ದಿನ ಬೇಕು. ತಾವು ನೋಡಿದ ನೌಕೆಗೆ ಆ ವೇಗದಲ್ಲಿ ಗಂಟೆಗೆ ೩ ಲೀಟರ್ ಡೀಸೆಲ್ ಸಾಕೆಂದು ಭಾವನವರ ಅಂದಾಜು. ಒಟ್ಟಿಗೆ ೧,೬೨೦ ಲೀಟರಾಯಿತು. ಆ ನೌಕೆಯ ಟ್ಯಾಂಕಿಯಲ್ಲಿ ಹಿಡಿಯುವುದು ೭೦೦ ಲೀಟರ್. ಅರ್ಧ ದಾರಿ ಮುಗಿಯುವ ಮೊದಲೇ ಟ್ಯಾಂಕಿ ಬರಿದಾಗುತ್ತದೆ. ವೇಗ ಹೆಚ್ಚಿಸಿ ಬೇಗ ಮುಟ್ಟೋಣವೆಂದರೆ ಅದೂ ಸಾಗದು. ನೀರಿಗೆ ತಾಗಿರುವ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು ೧.೩೪ರಿಂದ ಗುಣಿಸಿದರೆ ಬರುವುದೇ ಇಂಥ ಭಾರದ ನೌಕೆಯ ವೇಗದ ಮಿತಿ. ೩೨ ಅಡಿಗೆ ಅದು ಸುಮಾರು ೭.೫ ನಾಟ್. ಆ ಮಿತಿಯತ್ತ ಸಾಗಿದಷ್ಟೂ ನೌಕೆ ತಾನೆಬ್ಬಿಸಿದ ಅಲೆಯನ್ನು ತಾನೇ ಏರಬೇಕಾಗುತ್ತದೆ. ೫ರಿಂದ ೭ ನಾಟಿಗೆ ಏರಿಸಿದರೆ ಮೈಲಿಗೆ ಬೇಕಾಗುವ ಎಣ್ಣೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹೀಗೆ ಸಣ್ಣ ನೌಕೆಯವನಿಗೆ ದೂರ ದಾಟುವ ಬಲ ಗಾಳಿಯಿಂದಲೇ ಬರಬೇಕು. ಎಣ್ಣೆ ಗಾಳಿಯಿಲ್ಲದ ದಿನಗಳಿಗಾಗಿ ಕೂಡಿಟ್ಟ ಗಂಟು.

ಭಾವನವರಿಗೆ ಈ ಲೆಕ್ಕ ಹೊಸದಲ್ಲ. ಅವರ ಉತ್ತರವೂ ಸಿದ್ಧವಾಗಿತ್ತು. ನವೆಂಬರಿನ ಕೊನೆಗೆ ಚಂಡಮಾರುತಗಳ ಕಾಲ ಮುಗಿಯುತ್ತದೆ. ಆಮೇಲೆ ಕೆನರಿಯ ತೆಂಕಣಕ್ಕೆ ಈಶಾನ್ಯದ ವಾಣಿಜ್ಯ ಮಾರುತ ಬೆನ್ನ ಹಿಂದಿನಿಂದ ಬೀಸುತ್ತದೆ. ಕೊಲಂಬಸನು ೧೪೯೨ರ ಸೆಪ್ಟೆಂಬರ್ ೬ರಂದು ಗೊಮೇರಾ ದ್ವೀಪವನ್ನು ಬಿಟ್ಟು, ಅಕ್ಟೋಬರ್ ೧೨ರಂದು ನೆಲ ಕಂಡದ್ದು ಈ ಗಾಳಿಯ ಕೃಪೆಯಿಂದಲೇ. ಬೆಣ್ಣೆ ಕರಗುವ ತನಕ ತೆಂಕಣಕ್ಕೆ ಹೋಗಿ, ಬಳಿಕ ಪಡುವಣಕ್ಕೆ ತಿರುಗಿರಿ ಎಂದು ಆ ಕಡೆಯ ಹಳೆಯ ನಾವಿಕರ ಹೇಳಿಕೆ. “ಹಿಂಗಾಳಿಗೆ ಗೋಣಿಚೀಲ ಕಟ್ಟಿದರೂ ದೋಣಿ ಸಾಗೀತು, ಒಳ್ಳೆಯ ಹಾಯಿ ಯಾಕೆ?” ಎಂದು ಭಾವನವರು ಕೇಳಿದರು. ಅಕ್ಕ ಕೇಳಿದ್ದು, “ಹೋಗುವ ದಾರಿ ಹಾಗಾಯಿತು, ಬರುವ ದಾರಿ?” ಆಕೆಯ ಪ್ರಶ್ನೆಯಲ್ಲಿ ತಿರುಳಿತ್ತು. ಹಿಂದಿರುಗುವಾಗ ಬಡಗಣಕ್ಕೆ ಏರಿ ಅಜೋರ್ಸ್ ದ್ವೀಪಗಳ ಮಾರ್ಗವಾಗಿ ಬರಬೇಕು. ಅಲ್ಲಿ ಗಾಳಿಗೆ ನೇಮವಿಲ್ಲ. ಕೆಲವು ದಿನ ಎಲೆಯೂ ಅಲುಗದು. ಕೆಲವು ದಿನ ಎದುರಿನಿಂದಲೇ ಬೀಸುತ್ತದೆ. ಎದುರುಗಾಳಿಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತ ಹಾವಿನ ನಡೆಯಲ್ಲಿ ಏರುವ ಶಕ್ತಿ ಗೋಣಿಚೀಲಕ್ಕೆ ಬಾರದು.

ಇಲ್ಲಿ ನಮ್ಮ ತೀರದ ಮಾತನ್ನೂ ಹೇಳಬೇಕು. ಮಂಗಳೂರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಸಾಗಿಸುವ ಮಂಜಿಗಳನ್ನೂ ಬೇಪೂರಿನಲ್ಲಿ ಕಟ್ಟುವ ಉರುಗಳನ್ನೂ ಬಲ್ಲವರು ಬಲ್ಲರು. ಹಿಂದೆ ಹಾಯಿಯಿಂದಲೇ ಓಡುತ್ತಿದ್ದ ಇವುಗಳಿಗೆ ಇಪ್ಪತ್ತನೆಯ ಶತಮಾನದಲ್ಲಿ ಯಂತ್ರ ಬಂತು. ಇಂದಿಗೂ ಸರ್ಕಾರದ ಕಡತದಲ್ಲಿ ಇವು ‘ಯಂತ್ರ ಜೋಡಿಸಿದ ಹಾಯಿನೌಕೆ’ಗಳೇ, ಹೆಸರಿನ ಮೊದಲಿಗೆ ಎಂ. ಎಸ್. ವಿ. ಎಂದು ಬರೆದಿರುತ್ತಾರೆ. ಆದರೆ ಹಾಯಿ ಬಹುಮಟ್ಟಿಗೆ ಹೆಸರಿನಲ್ಲಿ ಉಳಿದಿದೆ, ಕಂಬದಲ್ಲಿ ಉಳಿದಿಲ್ಲ. ಸಾಗಬೇಕಾದ ದೂರ ಸಣ್ಣದು, ಹೊಟ್ಟೆ ದೊಡ್ಡದು. ಮುಂಗಾರಿನ ತಿಂಗಳುಗಳಲ್ಲಿ ಅವು ರೇವಿನಿಂದ ಹೊರಡುವುದೂ ಇಲ್ಲ. ಅವುಗಳ ಕೆಲಸಕ್ಕೆ ಅದೇ ಸರಿ. ಅವುಗಳ ಕೆಲಸ ಬೇರೆ, ಭಾವನವರದು ಬೇರೆ.

ಯಂತ್ರದ ಪಕ್ಷದಲ್ಲಿ ದೊಡ್ಡ ಸಾಕ್ಷಿಯೂ ಉಂಟು. ಅಮೆರಿಕದ ನೌಕಾಪಡೆಯಲ್ಲಿದ್ದ ರಾಬರ್ಟ್ ಬೀಬಿ ಎಂಬವರು ತಾವೇ ರೂಪಿಸಿದ ೫೦ ಅಡಿಯ ಪ್ಯಾಸೇಜ್‌ಮೇಕರ್ ಎಂಬ ನೌಕೆಯನ್ನು ೧೯೬೩ರಲ್ಲಿ ಸಿಂಗಾಪುರದಿಂದ ಹಿಂದೂ ಮಹಾಸಾಗರದ ಮಾರ್ಗವಾಗಿ ಗ್ರೀಸಿನವರೆಗೆ ಯಂತ್ರದ ಬಲದಿಂದ ನಡೆಸಿದರು. ೧೯೭೫ರಲ್ಲಿ ಆ ವಿಚಾರವಾಗಿ ಬರೆದ ಅವರ ಗ್ರಂಥವನ್ನು ಯಂತ್ರನೌಕೆಯವರು ಇಂದಿಗೂ ಓದುತ್ತಾರೆ. ಭಾವನವರು ಆ ಗ್ರಂಥವನ್ನು ನನ್ನ ಮುಂದೆ ಹಿಡಿದರು. ನಾನು ಹೇಳಿದ್ದಿಷ್ಟೇ: ಆ ನೌಕೆ ೫೦ ಅಡಿಯದು, ದೂರಕ್ಕೆ ತಕ್ಕಷ್ಟು ಎಣ್ಣೆ ಹಿಡಿಯಲೆಂದೇ ಅದನ್ನು ಕಟ್ಟಿದ್ದರು. ಉದ್ದದಲ್ಲಿ ಹದಿನಾಲ್ಕು ಅಡಿಯ ಅಂತರವೆಂದರೆ ಹೊಟ್ಟೆಯಲ್ಲಿ ಎಷ್ಟು ಅಂತರವೆಂಬುದನ್ನು ಬ್ರೂನೆಲರ ಲೆಕ್ಕವೇ ತಿಳಿಸುತ್ತದೆ.

ಮಾರಾಟಕ್ಕಿದ್ದ ಮೂರು ನೌಕೆಗಳ ವಿವರಗಳನ್ನು ಅವರು ನನಗೆ ಕಳುಹಿಸಿದ್ದರು. ಈ ಜಾತಿಯ ನೌಕೆಗಳು ಹೆಚ್ಚಾಗಿ ಹುಟ್ಟಿದ್ದು ಉತ್ತರದ ಚಳಿಸಮುದ್ರಗಳಲ್ಲಿ. ಬ್ರಿಟನ್ನಿನ ಫಿಷರ್ ನೌಕೆಗೆ ಉತ್ತರ ಸಮುದ್ರದ ಮೀನುದೋಣಿಗಳ ಮೈಕಟ್ಟು. ಕೋಲ್ವಿಕ್ ವಾಟ್ಸನ್ನಿನ ವಂಶ ಜೀವರಕ್ಷಕ ನೌಕೆಗಳನ್ನು ರೂಪಿಸಿದವರ ಮನೆಯದು. ಫಿನ್ಲೆಂಡಿನ ನಾಟಿಕ್ಯಾಟಿಗೆ ಬೆಚ್ಚನೆಯ ಗಾಜಿನ ಕೋಣೆಯೇ ಮುಖ್ಯ. ಹುಟ್ಟಿದೂರಿನ ಹವೆಯನ್ನು ಮನುಷ್ಯರಂತೆ ನೌಕೆಗಳೂ ಮೈಯಲ್ಲಿ ಹೊತ್ತು ತಿರುಗುತ್ತವೆ. ತೀರದ ಚಳಿಮಳೆಯಲ್ಲಿ ವರವಾದ ದೊಡ್ಡ ಗಾಜು, ನಡುಸಾಗರದಲ್ಲಿ ಟನ್ನುಗಟ್ಟಲೆ ನೀರು ಬಡಿದರೆ ಒಡೆಯುವ ಬಾಗಿಲಾದೀತು. ಆದುದರಿಂದ ಪ್ರತಿಯೊಂದು ಕಿಟಕಿಗೂ ಹೊರಗಿನಿಂದ ಬಿಗಿಯುವ ಗಟ್ಟಿಮುಚ್ಚಳ ಇರಲೇಬೇಕು. ಕೋಣೆ ಎತ್ತರವಾದಷ್ಟೂ ಭಾರ ಮೇಲಕ್ಕೇರುತ್ತದೆ; ಅದನ್ನು ತೂಗಿಸಲು ತಳದ ಕೀಲಿನಲ್ಲಿ ಸೀಸವೋ ಕಬ್ಬಿಣವೋ ಸಾಕಷ್ಟು ಇರಬೇಕು. ೧೯೭೯ರ ಆಗಸ್ಟಿನಲ್ಲಿ ಫಾಸ್ಟ್‌ನೆಟ್ ಪಂದ್ಯದ ನೌಕೆಗಳು ಬಿರುಗಾಳಿಗೆ ಸಿಕ್ಕಿ, ಪಂದ್ಯಕ್ಕೆ ಹೋದವರಲ್ಲಿ ೧೫ ಮಂದಿ ಮಡಿದ ಮೇಲೆ, ಮಗುಚಿದ ನೌಕೆ ತಾನಾಗಿ ಎದ್ದು ನಿಲ್ಲುವುದೇ ಎಂಬ ಪ್ರಶ್ನೆಯನ್ನು ಎಲ್ಲರೂ ಗಂಭೀರವಾಗಿ ಕೇಳತೊಡಗಿದರು. ಈಗ ಯುರೋಪಿನ ನಿಯಮದಂತೆ ಮಹಾಸಾಗರಕ್ಕೆ ಯೋಗ್ಯವಾದ ನೌಕೆಗಳಿಗೆ ‘ಎ’ ವರ್ಗವೆಂದು ಗುರುತು. ಆದರೆ ಭಾವನವರು ನೋಡುತ್ತಿದ್ದ ಹಳೆಯ ನೌಕೆಗಳು ಆ ನಿಯಮಕ್ಕಿಂತ ಮೊದಲಿನವು. ಎಷ್ಟು ಓಲಿದರೆ ಮರಳಿ ಏಳುತ್ತದೆಂಬ ಲೆಕ್ಕವನ್ನು ನಾವೇ ಕೇಳಿ ಪಡೆಯಬೇಕು. ಮೂರರಲ್ಲಿ ಒಂದಕ್ಕೆ ಆ ಲೆಕ್ಕವೂ ಇರಲಿಲ್ಲ, ಕಿಟಕಿಗೆ ಮುಚ್ಚಳವೂ ಇರಲಿಲ್ಲ. ಅದನ್ನು ಬಿಟ್ಟೆವು.

ಉಳಿದ ಎರಡರಲ್ಲಿ ಒಂದಕ್ಕೆ ದೊಡ್ಡ ಯಂತ್ರ, ಗಿಡ್ಡ ಕಂಬ. ಇನ್ನೊಂದಕ್ಕೆ ಎರಡು ಕಂಬ, ಹದವಾದ ಯಂತ್ರ, ಕುಳಿತರೆ ಇಬ್ಬರು ಹಿಡಿಯುವಷ್ಟು ಚಿಕ್ಕ ಕೋಣೆ. ಭಾವನವರ ಮನಸ್ಸು ಮೊದಲನೆಯದರಲ್ಲಿ ನೆಟ್ಟಿತ್ತು. ಯಂತ್ರ ಒಳ್ಳೆಯದೆಂಬುದರಲ್ಲಿ ಸಂಶಯವಿಲ್ಲ. ಆದರೆ ಯಂತ್ರ ಒಂಟಿಯಾಗಿ ಬಾಳುವುದಿಲ್ಲ. ಬಹುಕಾಲ ನಿಂತ ಟ್ಯಾಂಕಿಯ ತಳದಲ್ಲಿ ನೀರೂ ಪಾಚಿಯಂಥ ಗಸಿಯೂ ಸೇರಿರುತ್ತವೆ. ಕಡಲು ಕದಡಿದಾಗ ಅವು ಮೇಲೆದ್ದು ಸೋಸಕವನ್ನು ಕಟ್ಟಿಬಿಡುತ್ತವೆ. ಯಂತ್ರ ಹೆಚ್ಚಾಗಿ ಬೇಕಾದ ಗಳಿಗೆಯಲ್ಲೇ ಹೀಗಾಗುವುದುಂಟೆಂದು ಭಾವನವರೇ ಹೇಳಿದರು. ಯಂತ್ರಕ್ಕೆ ಹಿತವಾದ ಅಗಲ ಅಲಗಿನ ಪ್ರೊಪೆಲ್ಲರು ಹಾಯಿಯಲ್ಲಿ ಸಾಗುವಾಗ ನೀರಿನಲ್ಲಿ ಬಕೆಟ್ಟನ್ನು ಎಳೆದಂತೆ ಹಿಂದಕ್ಕೆ ಜಗ್ಗುತ್ತದೆ. ಚುಕ್ಕಾಣಿಯನ್ನು ತಾನೇ ಹಿಡಿಯುವ ವಿದ್ಯುತ್ ಸಾಧನವುಂಟು. ವಿದ್ಯುತ್ತು ಹೋದರೆ ಅದೂ ಹೋಯಿತು. ಗಾಳಿಯ ದಿಕ್ಕಿನಿಂದಲೇ ನಡೆಯುವ ಚುಕ್ಕಾಣಿಪಟ್ಟಿಗೆ ವಿದ್ಯುತ್ತು ಬೇಡ. ಆದರೆ ಅದು ಹಾಯಿಯನ್ನು ಹಾಕಿದಾಗ ಮಾತ್ರ ಚೆನ್ನಾಗಿ ದುಡಿಯುತ್ತದೆ. ಎರಡು ಕಂಬದ ನೌಕೆಯಲ್ಲಿ ಹಾಯಿಗಳು ಹಂಚಿಹೋಗಿ ಒಂದೊಂದೂ ಸಣ್ಣದಾಗಿರುವುದರಿಂದ ಒಬ್ಬರೇ ಇಳಿಸಬಹುದು, ಏರಿಸಬಹುದು.

“ನಿಮಗೆ ಜ್ವರ ಬಂದು ಮಲಗಿದರೆ, ಯಾವ ದೋಣಿಯನ್ನು ನಾನೊಬ್ಬಳೇ ದಡಕ್ಕೆ ತಂದೇನು?” ಎಂದು ಅಕ್ಕ ಕೇಳಿದಳಂತೆ. ಭಾವನವರು ಆ ದಿನ ಮಾತು ಮುಂದುವರಿಸಲಿಲ್ಲ. ಮರುದಿನ ನನ್ನೊಡನೆ ಮಾತಾಡುತ್ತ, “ಎರಡು ದೋಣಿಯಲ್ಲಿ ಕಾಲಿಡಬಾರದೆಂದು ನಮ್ಮಲ್ಲೇ ಗಾದೆಯಿದೆಯಲ್ಲ, ಯಾವುದಾದರೂ ಒಂದನ್ನು ನಂಬಬೇಕು” ಎಂದರು. ಅದಕ್ಕೆ ನಾನು, ಗಾದೆಯ ದೋಣಿಗಳು ಎರಡು, ನಿಮ್ಮ ದೋಣಿ ಒಂದೇ. ಒಂದೇ ದೋಣಿಗೆ ಎರಡು ಬಲವಿದ್ದರೆ ಗಾದೆಗೆ ಕೋಪ ಬಾರದು ಎಂದೆ.

ಹಾಗೆಂದಾಗ ನನ್ನ ಮನಸ್ಸಿನಲ್ಲಿದ್ದದ್ದು ನಮ್ಮ ಶಾಲೆಯ ಮಕ್ಕಳು. ೧೯೫೬ರ ನವೆಂಬರ್ ೧ರಿಂದ ನಮ್ಮ ತಾಲೂಕು ಕೇರಳಕ್ಕೆ ಸೇರಿದೆ. ತುಳುವನ್ನೋ ಮನೆಯ ಇನ್ನಾವುದೋ ನುಡಿಯನ್ನೋ ಆಡುತ್ತ ಬಂದ ಮಗು, ಕನ್ನಡದಲ್ಲಿ ಪಾಠ ಕಲಿತು, ಪೇಟೆಯಲ್ಲಿ ಮಲಯಾಳದಲ್ಲಿ ವ್ಯವಹರಿಸುತ್ತದೆ. ಇವು ಎತ್ತಲೂ ಸಲ್ಲದ ಮಕ್ಕಳೆಂದು ಹೇಳುವವರನ್ನು ಎರಡೂ ಕಡೆಗಳಲ್ಲಿ ಕೇಳಿದ್ದೇನೆ. ಅರ್ಧ ಕನ್ನಡ ಅರ್ಧ ಮಲಯಾಳವಾದರೆ ಆ ಮಾತು ನಿಜವಾಗುತ್ತದೆ. ಬರಿಯ ಕನ್ನಡದಿಂದಲೇ ಒಂದು ಪತ್ರವನ್ನು ಆದಿಯಿಂದ ಅಂತ್ಯದವರೆಗೆ ಬರೆಯಬಲ್ಲ, ಬರಿಯ ಮಲಯಾಳದಿಂದಲೇ ಕಚೇರಿಯಲ್ಲಿ ತನ್ನ ಕೆಲಸವನ್ನು ಮುಗಿಸಿಕೊಂಡು ಬರಬಲ್ಲ ಮಗುವನ್ನು ಅರ್ಧವೆನ್ನಲು ಯಾರಿಗೂ ಬಾಯಿ ಬಾರದು. ಮೋಟಾರ್‌ಸೈಲರಿಗೂ ಪರೀಕ್ಷೆ ಇದೇ ಆಗಬೇಕೆಂದು ನನಗೆ ತೋರಿತು. ಯಂತ್ರ ಸತ್ತ ದಿನ ಹಾಯಿಯೊಂದರಿಂದಲೇ ದಡ ಸೇರುವುದೇ? ಗಾಳಿ ಸತ್ತ ದಿನ ಯಂತ್ರವೊಂದರಿಂದಲೇ ಸಾಕಷ್ಟು ಮುಂದೆ ಹೋಗುವುದೇ? ಎರಡನ್ನೂ ಒಟ್ಟಿಗೆ ನಡೆಸಿ ನೋಡಿದರೆ ಯಾವುದರ ದೌರ್ಬಲ್ಯವೂ ಹೊರಬೀಳದು.

ಭಾವನವರು ನ್ಯಾಯವಂತರು. ಪರೀಕ್ಷೆಗೆ ಒಪ್ಪಿದರು. ಒಡೆಯರ ಅನುಮತಿ ಪಡೆದು, ಎರಡು ನೌಕೆಗಳನ್ನೂ ಬೇರೆ ಬೇರೆ ದಿನ ರೇವಿನಿಂದ ನಾಲ್ಕು ಮೈಲು ಹೊರಗೆ ಗಾಳಿಯ ಇಳಿಬದಿಗೆ ಒಯ್ದು, ಯಂತ್ರ ನಿಲ್ಲಿಸಿ ಎಣ್ಣೆಯ ಕವಾಟವನ್ನು ಮುಚ್ಚಿದರು. ಹಾಯಿಯೊಂದರಿಂದಲೇ ಎದುರುಗಾಳಿಗೆ ಮರಳಿ ರೇವಿನ ಬಾಯಿಗೆ ಬರಬೇಕು. ಗಿಡ್ಡ ಕಂಬದ್ದು ಎಡಬಲಕ್ಕೆ ಹೊರಳುತ್ತ ಆರು ಗಂಟೆ ಹೋರಾಡಿತು. ಆರು ಗಂಟೆಗಳ ಕೊನೆಗೆ ಹೊರಟ ಜಾಗಕ್ಕಿಂತ ಒಂದು ಮೈಲು ಹಿಂದಿತ್ತು. ಸೆಳವು ಅದನ್ನು ಸೆಳೆದುಕೊಂಡು ಹೋಗಿತ್ತು. ಯಂತ್ರ ಹಚ್ಚಿಕೊಂಡೇ ಮನೆ ಸೇರಿದರು. ಎರಡು ಕಂಬದ್ದು ಮೈಯೆಲ್ಲ ತೋಯಿಸಿತು, ಹೊಟ್ಟೆ ತೊಳಸಿತು. ಐದು ಗಂಟೆಗಳಲ್ಲಿ ರೇವಿನ ದೀಪದ ಬುಡಕ್ಕೆ ತಂದು ಬಿಟ್ಟಿತು. ಗಾಳಿಯಿಲ್ಲದ ಇನ್ನೊಂದು ದಿನ ಅದರ ಯಂತ್ರವನ್ನು ಮಾತ್ರ ನಡೆಸಿ ನೋಡಿದಾಗ ೫ ನಾಟಿಗೆ ಸ್ವಲ್ಪ ಕಡಿಮೆ ಬಂತು. ಸಾಕು ಎಂದರು ಭಾವನವರು. ಮೂವತ್ತು ವರ್ಷ ಯಂತ್ರವನ್ನೇ ನಂಬಿ ಅನ್ನ ಉಂಡವರಿಗೆ ಆ ಮಾತು ಸುಲಭವಾಗಿ ಬಂದಿರಲಾರದು.

ಈಗ ಎರಡು ಕಂಬದ ನೌಕೆ ಅವರದಾಗಿದೆ. ಕಿಟಕಿಗಳಿಗೆ ಮುಚ್ಚಳ ಮಾಡಿಸುತ್ತಿದ್ದಾರೆ. ಸೋಸಕಗಳನ್ನು ಜೋಡಿಯಾಗಿ ಕೂಡಿಸಿದ್ದಾರೆ, ಒಂದು ಕಟ್ಟಿದರೆ ಇನ್ನೊಂದಕ್ಕೆ ತಿರುಗಿಸಬಹುದು. ಇಬ್ಬರಿಗೆ ದಿನಕ್ಕೆ ತಲಾ ನಾಲ್ಕು ಲೀಟರಿನಂತೆ ನಲವತ್ತು ದಿನಗಳಿಗೆ ೩೨೦ ಲೀಟರ್ ನೀರನ್ನು ಎರಡು ತೊಟ್ಟಿಗಳಲ್ಲಿ ಬೇರೆಬೇರೆಯಾಗಿ ಇಡುವುದೆಂದು ತೀರ್ಮಾನ. ಅಕ್ಕ ರಾತ್ರಿಯ ಕತ್ತಲಲ್ಲಿ, ಭಾವನವರು ಒಳಗೆ ಮಲಗಿರುವಾಗ, ಹಾಯಿ ಇಳಿಸುವುದನ್ನು ಕಲಿಯುತ್ತಿದ್ದಾಳೆ.

ಒಂದು ಕೆಲಸ ನನ್ನ ಪಾಲಿಗೆ ಬಂದಿದೆ. ಅಮ್ಮನಿಗೆ ಇನ್ನೂ ಯಾರೂ ಹೇಳಿಲ್ಲ. “ನೀನು ಮೇಷ್ಟ್ರು, ನೀನೇ ಹೇಳು” ಎಂದು ಅಕ್ಕ ನನ್ನ ಮೇಲೆ ಹೊರಿಸಿದ್ದಾಳೆ. ಹೇಳುವುದು ಹೇಗೆಂದೂ ತಾನೇ ಕಲಿಸಿಕೊಟ್ಟಿದ್ದಾಳೆ: ಗೋವೆಯಲ್ಲಿ ಕಟ್ಟಿದ ತಾರಿಣಿಯೆಂಬ ನೌಕಾಪಡೆಯ ಹಾಯಿದೋಣಿಯಲ್ಲಿ ದಿಲ್ನಾ ಮತ್ತು ರೂಪಾ ಎಂಬ ಇಬ್ಬರು ಅಧಿಕಾರಿಣಿಯರು ೨೦೨೪ರ ಅಕ್ಟೋಬರ್ ೨ರಂದು ಗೋವೆಯಿಂದ ಹೊರಟು, ಪೃಥ್ವಿಯನ್ನು ಸುತ್ತಿ, ೨೦೨೫ರ ಮೇ ೨೯ರಂದು ಅಲ್ಲಿಗೇ ಮರಳಿದರು, ಅವರಲ್ಲಿ ದಿಲ್ನಾ ನಮ್ಮ ಕೋಝಿಕ್ಕೋಡಿನ ಮಗಳು. ಇದನ್ನು ಮೊದಲು ಹೇಳಿ, ಆಮೇಲೆ ತನ್ನ ಹೆಸರೆತ್ತಬೇಕಂತೆ. ಅಮ್ಮ ಅವರ ವಯಸ್ಸೆಷ್ಟು ಎಂದು ಕೇಳದೆ ಬಿಡುವವಳಲ್ಲ. ಆದುದರಿಂದ ಎಣ್ಣೆಯ ಲೆಕ್ಕ, ಗಾಳಿಯ ದಿಕ್ಕು, ಸೀಸದ ತೂಕ, ನೀರಿನ ತೊಟ್ಟಿ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಹೇಳುವುದೆಂದು ಎಣಿಸಿದ್ದೇನೆ.